ವಧು-ವರ ಸಮಾವೇಶದಲ್ಲಿ ರಕ್ತ ಪರೀಕ್ಷೆಯ ಟೇಬಲ್ಲೂ ಇರಲಿ

ಮುಂಬೈ, ಠಾಣೆ, ಡೊಂಬಿವಲಿಯ ನಮ್ಮ ಕನ್ನಡಿಗರ ಜಾತಿ ಸಂಘಗಳು ನಡೆಸುವ ವಧು-ವರ ಸಮಾವೇಶಗಳ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಅಲ್ಲಿ ತುಂಬಿಸುವ ಅರ್ಜಿಯಲ್ಲಿ ಒಳಪಂಗಡ, ಗೋತ್ರ, ನಕ್ಷತ್ರ, ಸಂಬಳ, ಸ್ವಂತ ಫ್ಲ್ಯಾಟು, ಎಲ್ಲಕ್ಕೂ ಜಾಗ ಇದೆ. ಅಪ್ಪ-ಅಮ್ಮನ ಜೀನಿನಿಂದ ಮಗುವಿಗೆ ಬರುವ ರಕ್ತದ ಕಾಯಿಲೆ ಥಲಸ್ಸೇಮಿಯಾದ ಪರೀಕ್ಷೆ ಆಗಿದೆಯಾ ಅನ್ನುವುದಕ್ಕೆ ಒಂದು ಸಾಲೂ ಇಲ್ಲ. ನಾನು ಬ್ಲಡ್ ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ.

ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಡಿಎನ್‌ಎ ಅಂದರೆ ಒಂದೇ ಜಗಳ: ಆರ್ಯರು ಹೊರಗಿನಿಂದ ಬಂದರಾ, ಇಲ್ಲವಾ? 2019ರ ಸೆಪ್ಟೆಂಬರಿನಲ್ಲಿ ರಾಖಿಗಢಿಯ ವರದಿ ಬಂದಾಗಿನಿಂದ ಇದು ಜಾಸ್ತಿ ಆಗಿದೆ. ಹರಿಯಾಣದ ಆ ಹರಪ್ಪಾ ಕಾಲದ ಊರಿನಲ್ಲಿ ಅಗೆದದ್ದು ಪುಣೆಯ ಡೆಕ್ಕನ್ ಕಾಲೇಜಿನ ವಸಂತ ಶಿಂಧೆ ಅವರ ತಂಡ. 60ಕ್ಕೂ ಹೆಚ್ಚು ಮಾದರಿ ನೋಡಿದರೂ ಓದಲು ಸಿಕ್ಕಿದ್ದು ಒಬ್ಬಳೇ ಹೆಂಗಸಿನ ಡಿಎನ್‌ಎ. ಅವಳಲ್ಲಿ ಮಧ್ಯ ಏಷ್ಯಾದ ಹುಲ್ಲುಗಾವಲಿನ ಪಶುಪಾಲಕರ ಅಂಶ ಇರಲಿಲ್ಲ. ಆರ್ಯ ಭಾಷೆ ತಂದವರು ಇವರೇ ಅನ್ನುವುದು ಹಲವರ ವಾದ. 'ನೋಡಿ, ಆರ್ಯರು ಬಂದದ್ದೇ ಸುಳ್ಳು' ಎಂದು ಕೆಲವರು ಸಂಭ್ರಮಪಟ್ಟರು. ಅದೇ ದಿನ 'ಸೈನ್ಸ್' ಪತ್ರಿಕೆಯಲ್ಲಿ 523 ಪ್ರಾಚೀನ ಜನರ ಡಿಎನ್‌ಎ ಮೇಲೆ ಇನ್ನೊಂದು ವರದಿಯೂ ಬಂದಿತ್ತು. ಎರಡರಲ್ಲೂ ಹಲವು ವಿಜ್ಞಾನಿಗಳ ಹೆಸರು ಒಂದೇ. ಸುಮಾರು ಕ್ರಿ.ಪೂ. 2000ದಿಂದ 1500ರ ನಡುವೆ ಆ ಪಶುಪಾಲಕರ ವಂಶ ನಮ್ಮ ಉಪಖಂಡದಲ್ಲಿ ಬೆರೆಯಿತು ಎಂದು ಅದು ಹೇಳಿತು. ರಾಖಿಗಢಿಯ ಹೆಂಗಸು ಅದಕ್ಕೂ ಮುಂಚೆ ಬದುಕಿದ್ದವಳು. ಅವರು ಬರುವ ಮೊದಲೇ ತೀರಿಕೊಂಡವಳಲ್ಲಿ ಅವರ ಅಂಶ ಎಲ್ಲಿಂದ ಸಿಗಬೇಕು?

ಇಷ್ಟಕ್ಕೆ ಆ ಜಗಳ ಸಾಕು. ಯಾರು ಮೊದಲು ಬಂದರು ಅನ್ನುವುದರಲ್ಲೇ ಮುಳುಗಿ, ಅದೇ ವಿಜ್ಞಾನ ಹೇಳಿದ ಇನ್ನೊಂದು ಮಾತನ್ನು ನಾವು ಬಿಟ್ಟುಬಿಟ್ಟಿದ್ದೇವೆ. ಆ ಮಾತು ನೇರವಾಗಿ ನಮ್ಮ ಮದುವೆಗಳ ಬಗ್ಗೆ ಇದೆ.

2009ರಲ್ಲಿ ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಸಿಸಿಎಂಬಿಯ ಲಾಲ್‌ಜಿ ಸಿಂಗ್, ಕುಮಾರಸಾಮಿ ತಂಗರಾಜ್ ಮತ್ತು ಹಾರ್ವರ್ಡಿನ ಡೇವಿಡ್ ರೈಕ್ ಅವರ ತಂಡ ಭಾರತದ 25 ಗುಂಪುಗಳ ಡಿಎನ್‌ಎ ನೋಡಿತು. ಮೇಲಿನ ಜಾತಿ, ಕೆಳಗಿನ ಜಾತಿ, ಬುಡಕಟ್ಟು, ಉತ್ತರ, ದಕ್ಷಿಣ ಅನ್ನದೆ ಹೆಚ್ಚೂಕಡಿಮೆ ಎಲ್ಲರೂ ಎರಡು ಹಳೆಯ ವಂಶಗಳ ಬೆರಕೆ. ಪ್ರಮಾಣದಲ್ಲಿ ಹೆಚ್ಚುಕಡಿಮೆ ಇದೆ. ಶುದ್ಧ ಅನ್ನುವವರು ಸಿಗಲಿಲ್ಲ. 2013ರಲ್ಲಿ ಬಂದ ಇನ್ನೊಂದು ಲೆಕ್ಕ ನನಗೆ ಇನ್ನೂ ದೊಡ್ಡದು. ಈ ಬೆರಕೆ ನಡೆದದ್ದು ಸುಮಾರು 4200 ವರ್ಷದಿಂದ 1900 ವರ್ಷದ ಹಿಂದಿನ ಅವಧಿಯಲ್ಲಿ. ಆಮೇಲೆ ಅದು ನಿಂತೇಹೋಯಿತು. ಪಶ್ಚಿಮ ಬಂಗಾಳದ ಕಲ್ಯಾಣಿಯಲ್ಲಿದ್ದ ವಿಜ್ಞಾನಿ ಪಾರ್ಥ ಮಜುಂದಾರ್ ಅವರ ತಂಡ 2016ರಲ್ಲಿ, ಮೇಲ್ಜಾತಿಗಳಲ್ಲಿ ಇದು ನಿಂತು ಸುಮಾರು 70 ತಲೆಮಾರು ಆಯಿತು ಅಂದಿತು. ಅದು ಗುಪ್ತರ ಕಾಲದ ಸುತ್ತಮುತ್ತ.

ಅಂದರೆ ಜಾತಿ ಬಿಟ್ಟು ಮದುವೆಯಾಗುವುದು ಇವತ್ತಿನ ಹುಡುಗ-ಹುಡುಗಿಯರು ಕಂಡುಹಿಡಿದ ಹೊಸದಲ್ಲ. ಸಾವಿರಾರು ವರ್ಷ ನಮ್ಮ ಹಿರಿಯರು ಮಾಡಿದ್ದೇ ಅದನ್ನು. ಬೇಲಿ ಬಂದದ್ದು ಆಮೇಲೆ.

ಬೇಲಿ ಹಾಕಿದ್ದಕ್ಕೆ ದೇಹ ಬೆಲೆ ಕೊಡುತ್ತದೆ. ಒಂದು ಕಾಲದಲ್ಲಿ ಕೆಲವೇ ಕುಟುಂಬಗಳಿದ್ದ ಗುಂಪು ತಮ್ಮೊಳಗೇ ಮದುವೆಯಾಗುತ್ತಾ ಲಕ್ಷಗಟ್ಟಲೆ ಬೆಳೆದರೆ, ಅಂದಿನ ಒಬ್ಬರ ಜೀನಿನಲ್ಲಿದ್ದ ದೋಷ ಇಂದು ಸಾವಿರಾರು ಮನೆಗಳಲ್ಲಿ ಇರುತ್ತದೆ. 2017ರಲ್ಲಿ ತಂಗರಾಜ್ ಮತ್ತು ರೈಕ್ ತಂಡ ದಕ್ಷಿಣ ಏಷ್ಯಾದ 263 ಗುಂಪುಗಳನ್ನು ನೋಡಿದಾಗ, 81 ಗುಂಪುಗಳಲ್ಲಿ, ಹೀಗೆ ಕೆಲವೇ ಹಿರಿಯರಿಂದ ಬೆಳೆದ ಗುರುತು ಫಿನ್‌ಲೆಂಡಿನವರಿಗಿಂತ, ಯುರೋಪಿನ ಅಶ್ಕೆನಾಜಿ ಯಹೂದಿಗಳಿಗಿಂತ ಜಾಸ್ತಿ ಇತ್ತು. ಅವುಗಳಲ್ಲಿ 14 ಗುಂಪುಗಳ ಜನಸಂಖ್ಯೆ 10 ಲಕ್ಷಕ್ಕೂ ಮೇಲೆ. ಗುಂಪು ದೊಡ್ಡದು, ನಮಗೇನು ತೊಂದರೆ ಅನ್ನುವ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಆಂಧ್ರದ ವೈಶ್ಯ ಸಮುದಾಯದ ಉದಾಹರಣೆ ಅರಿವಳಿಕೆ ಕೊಡುವ ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತು. ಆಪರೇಷನ್ನಿಗೆ ಮುಂಚೆ ಸ್ನಾಯು ಸಡಿಲ ಮಾಡಲು ಕೊಡುವ ಸಕ್ಸಿನೈಲ್‌ಕೋಲಿನ್ ಔಷಧವನ್ನು ಕರಗಿಸುವ ಕಿಣ್ವ ಅವರಲ್ಲಿ ಕೆಲವರಿಗೆ ಹುಟ್ಟಿನಿಂದಲೇ ಕಡಿಮೆ. ಬೇರೆಯವರಿಗೆ ಕೆಲವೇ ನಿಮಿಷದಲ್ಲಿ ಇಳಿಯುವ ಔಷಧ ಅವರಿಗೆ ಗಂಟೆಗಟ್ಟಲೆ ಇಳಿಯುವುದಿಲ್ಲ. ಅಷ್ಟು ಹೊತ್ತೂ ಉಸಿರಾಟಕ್ಕೆ ಯಂತ್ರ ಬೇಕು.

ನನ್ನ ಕೆಲಸದಲ್ಲಿ ಇದನ್ನು ನಾನು ಬೇರೆ ರೂಪದಲ್ಲಿ ನೋಡುತ್ತೇನೆ. ಈ ಊರಿನ ಹೆಸರೇ ಇರುವ ರಕ್ತದ ಗುಂಪು ಒಂದಿದೆ, ಬಾಂಬೆ ಗ್ರೂಪ್. 1952ರಲ್ಲಿ ಇಲ್ಲಿ ಡಾ. ವೈ. ಎಂ. ಭೇಂಡೆ ಅವರು ಗುರುತಿಸಿದ್ದು. ನಮ್ಮ ರಕ್ತಕಣದ ಮೇಲೆ ಎಚ್ ಅನ್ನುವ ಅಂಶ ಇರುತ್ತದೆ. ಅದರ ಮೇಲೇ ಎ, ಬಿ ಕಟ್ಟಿಕೊಳ್ಳುವುದು. ಬಾಂಬೆ ಗ್ರೂಪಿನವರಲ್ಲಿ ಆ ಎಚ್ ಇರುವುದೇ ಇಲ್ಲ. ಸಾಮಾನ್ಯ ಪರೀಕ್ಷೆಯಲ್ಲಿ ಓ ಅಂತ ಕಾಣುತ್ತದೆ. ಆದರೆ ಓ ರಕ್ತ ಕೊಟ್ಟರೆ ಜೀವಕ್ಕೇ ಅಪಾಯ. ಬಾಂಬೆ ಗ್ರೂಪಿನವರದ್ದೇ ರಕ್ತ ಬೇಕು. ಭಾರತದಲ್ಲಿ ಸುಮಾರು 10,000ಕ್ಕೆ ಒಬ್ಬರು ಹೀಗಿದ್ದಾರೆ.

ಒಮ್ಮೆ ವಿಜಯಪುರದ ಕಡೆಯ ಕುಟುಂಬವೊಂದು ಬಂದಿತ್ತು. ಕಟ್ಟಡ ಕೆಲಸಕ್ಕೆ ಬಂದು ಇಲ್ಲೇ ಉಳಿದವರು. ಯಾವ ಓ ಬ್ಯಾಗಿನ ಜೊತೆ ಹೊಂದುತ್ತದಾ ಅಂತ ಕ್ರಾಸ್‌ಮ್ಯಾಚ್ ಮಾಡಿದರೂ ರಕ್ತ ಗಂಟು ಕಟ್ಟುತ್ತಿತ್ತು. 'ಅಕ್ಕಾರ, ಓ ಗ್ರೂಪಿನ ಬಾಟ್ಲಿ ಇಷ್ಟ ಅದಾವಲ್ರೀ, ನಮಗ್ಯಾಕ ಕೊಡವಲ್ರಿ?' ಎಂದು ರೋಗಿಯ ತಮ್ಮ ಕೇಳಿದ. ಬಿಡಿಸಿ ಹೇಳಿ, ಮನೆಯವರ ಬಗ್ಗೆ ವಿಚಾರಿಸಿದೆ. 'ನಮ್ಮವ್ವ ನಮ್ಮಪ್ಪಗ ಖಾಸ ಅಕ್ಕನ ಮಗಳ್ರೀ' ಎಂದ. ಅದನ್ನು ಹೇಳುವಾಗ ಅವನಿಗೆ ಸಂಕೋಚ ಇರಲಿಲ್ಲ, ಇರಬೇಕಾಗಿಯೂ ಇಲ್ಲ. ಅವನ ರಕ್ತವನ್ನೇ ಪರೀಕ್ಷೆ ಮಾಡಿದೆವು. ಅವನದ್ದೂ ಬಾಂಬೆ ಗ್ರೂಪ್. ಅಣ್ಣನಿಗೆ ಅವನೇ ರಕ್ತ ಕೊಟ್ಟ.

ತಂದೆ-ತಾಯಿ ಇಬ್ಬರಿಂದಲೂ ಅದೇ ಜೀನ್ ಬಂದರೆ ಮಾತ್ರ ಹೀಗಾಗುತ್ತದೆ. ಅಕ್ಕನ ಮಗಳನ್ನು ಮದುವೆಯಾದರೆ ಮಗುವಿಗೆ ಎರಡೂ ಕಡೆಯಿಂದ ಒಂದೇ ಹಿರಿಯರ ಜೀನ್ ಬರುವ ಸಾಧ್ಯತೆ ಎಂಟರಲ್ಲಿ ಒಂದು. ಮಾವನ ಮಗಳಾದರೆ ಹದಿನಾರರಲ್ಲಿ ಒಂದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕೂ ಹೆಚ್ಚು ಮದುವೆ ರಕ್ತಸಂಬಂಧದೊಳಗೇ ಆಗಿದೆ. ಇದರಲ್ಲಿ ನಮ್ಮ ಅಜ್ಜಿಯರನ್ನು ದೂರುವುದು ನನಗೆ ಇಷ್ಟ ಇಲ್ಲ. ಹೊಲ ಒಡೆಯಬಾರದು, ಮಗಳು ಗೊತ್ತಿರುವ ಮನೆಗೇ ಹೋಗಲಿ, ಅತ್ತೆ ತನ್ನ ಅಜ್ಜಿಯೇ ಆಗಿದ್ದರೆ ಹೊಡೆತ-ಬಡಿತ ಇರುವುದಿಲ್ಲ ಅನ್ನುವ ಲೆಕ್ಕ ಅವರದ್ದು. ಅದರಲ್ಲಿ ಪ್ರೀತಿ ಇತ್ತು. ಮರಾಠರಲ್ಲೂ ಮಾಮಾನ ಮಗಳನ್ನು ತರುವ ಪದ್ಧತಿ ಇದೆ. ಭಾಷೆ ಆರ್ಯ, ಮದುವೆ ದಕ್ಷಿಣದ್ದು. ಬೆಳಗಾವಿ ಹೆಸರಲ್ಲಿ ಇಷ್ಟು ಕೂಗಾಡುವ ನಾವಿಬ್ಬರೂ ಮನೆಯೊಳಗೆ ಎಷ್ಟು ಹತ್ತಿರ ಅಲ್ವಾ?

ಗೋತ್ರ ನೋಡುತ್ತೇವಲ್ಲ, ಅದು ಸಾಲದಾ ಅಂತ ಸಮಿತಿಯ ಹಿರಿಯರು ಕೇಳುತ್ತಾರೆ. ಸಾಲದು. ಗೋತ್ರ ತಂದೆಯ ಕಡೆಯದ್ದು ಮಾತ್ರ. ಸೋದರಮಾವನ ಗೋತ್ರ ಬೇರೆ, ಅಕ್ಕನ ಮಗಳ ಗೋತ್ರ ಬೇರೆ. ಇಷ್ಟು ಹತ್ತಿರದ ಸಂಬಂಧವನ್ನೇ ಗೋತ್ರ ತಡೆಯಲಿಲ್ಲ. ಇನ್ನು ಸಂಬಂಧಿಕರಲ್ಲದ, ಆದರೆ ಅದೇ ಒಳಪಂಗಡದ ಹುಡುಗನನ್ನು ಹುಡುಕಿ ತಂದರೂ, ಹತ್ತಾರು ತಲೆಮಾರು ಹಿಂದೆ ಹೋದರೆ ಇಬ್ಬರಿಗೂ ಅದೇ ಹಿರಿಯರು ಸಿಗುತ್ತಾರೆ.

ರಕ್ತ ಶುದ್ಧಿಯ ಮಾತು ಈ ಊರಲ್ಲಿ ಆಡುವುದೇ ವಿಚಿತ್ರ. ಪಾರ್ಸಿಗಳ ತಾಯಿ ಕಡೆಯ ಡಿಎನ್‌ಎಯಲ್ಲಿ ಇಲ್ಲಿನ ಹೆಂಗಸರ ಗುರುತು ಧಾರಾಳವಾಗಿ ಸಿಕ್ಕಿದೆ. ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳಲ್ಲೂ ಹಾಗೆಯೇ. ಸಮುದ್ರ ದಾಟಿ ಬಂದವರು ಇಲ್ಲಿನವರನ್ನು ಮದುವೆಯಾಗಿಯೇ ಉಳಿದುಕೊಂಡರು.

ಜೀನ್ ಅಂದ ತಕ್ಷಣ ಬೆಚ್ಚುವವರೂ ಇದ್ದಾರೆ. ಅವರ ಭಯವನ್ನು ನಾನು ಗೌರವಿಸುತ್ತೇನೆ. 1901ರ ಜನಗಣತಿ ನಡೆಸಿದ ಹರ್ಬರ್ಟ್ ರಿಸ್ಲೆ ಮೂಗಿನ ಅಗಲ ಅಳೆದು ಜಾತಿಯ ಏಣಿ ಹಾಕಿದ್ದ. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ 1920ರ ದಶಕದ ಕೊನೆಗೆ ಬರ್ಲಿನ್ನಿಗೆ ಓದಲು ಹೋದಾಗ ಅವರ ಗುರು ಯೂಜೆನ್ ಫಿಷರ್. ಇವನ ವಿಚಾರಗಳೇ ಮುಂದೆ ನಾಜಿಗಳಿಗೆ ಬೇಕಾದವು. ಯುರೋಪಿನವರ ತಲೆಬುರುಡೆಯ ಆಕಾರ ಅವರ ಮೇಲ್ಮೆಯನ್ನು ತೋರಿಸುತ್ತದೆ ಅನ್ನುವುದನ್ನು ಅವಳು ಸಾಬೀತು ಮಾಡಲಿ ಅಂತ ಅವನ ಆಸೆ. ಕರ್ವೆ 149 ಬುರುಡೆ ಅಳೆದು, ಹಾಗೇನೂ ಇಲ್ಲ ಎಂದು ಬರೆದರು. ಅದೂ ಗುರುವಿನ ಮುಂದೆಯೇ, ಪರದೇಶದಲ್ಲಿ ಒಬ್ಬಳೇ ಇದ್ದುಕೊಂಡು. ಮುಂದೆ ಅವರು ಕೆಲಸ ಮಾಡಿದ್ದು ಅದೇ ಡೆಕ್ಕನ್ ಕಾಲೇಜಿನಲ್ಲಿ. ಆ ಎದೆಗಾರಿಕೆಗೆ ನಾನು ಕೈಮುಗಿಯುತ್ತೇನೆ. 1936ರಲ್ಲಿ ಬಾಬಾಸಾಹೇಬರೂ ಬರೆದರು: ಪಂಜಾಬಿನ ಬ್ರಾಹ್ಮಣನೂ ಪಂಜಾಬಿನ ಚಮ್ಮಾರನೂ ಒಂದೇ ಮೂಲದವರು, ಜಾತಿಗೂ ಜನಾಂಗಕ್ಕೂ ಸಂಬಂಧ ಇಲ್ಲ, ಜಾತಿ ಹೋಗಬೇಕಾದರೆ ಅಂತರ್ಜಾತಿ ಮದುವೆಯೇ ನಿಜವಾದ ಮದ್ದು ಎಂದು. ಆಗ ಡಿಎನ್‌ಎ ಅಂದರೆ ಏನೆಂದೇ ಜಗತ್ತಿಗೆ ಸರಿಯಾಗಿ ಗೊತ್ತಿರಲಿಲ್ಲ.

ನಾನು ಕೇಳುತ್ತಿರುವ ಪರೀಕ್ಷೆ ಯಾರನ್ನೂ ಮೇಲೆ-ಕೆಳಗೆ ಮಾಡುವುದಲ್ಲ. ಥಲಸ್ಸೇಮಿಯಾ ವಾಹಕರು, ಅಂದರೆ ಅಪ್ಪ ಅಥವಾ ಅಮ್ಮ ಒಬ್ಬರಿಂದ ಮಾತ್ರ ಆ ಜೀನ್ ಬಂದವರು, ರೋಗಿಗಳಲ್ಲ. ಆರಾಮಾಗಿ ಓಡಾಡಿಕೊಂಡಿರುತ್ತಾರೆ. ಗಂಡ-ಹೆಂಡತಿ ಇಬ್ಬರೂ ವಾಹಕರಾದರೆ ಮಾತ್ರ, ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ತೀವ್ರ ಕಾಯಿಲೆ ಬರುವ ಸಂಭವ. ಆ ಮಗುವಿಗೆ ಎರಡು-ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಬೇಕು. ದೇಹದಲ್ಲಿ ಸೇರುವ ಕಬ್ಬಿಣದ ಅಂಶ ತೆಗೆಯಲು ದಿನಾ ಔಷಧ ಬೇಕು. ಅಂಥ ಮಕ್ಕಳು ನಮ್ಮಲ್ಲಿಗೆ ಬರುತ್ತಾರೆ. ಕೈಯಲ್ಲಿ ನರ ಸಿಗದೆ ಹುಡುಕುವಾಗ ಅವರ ಅಮ್ಮಂದಿರ ಮುಖ ನೋಡಲು ಆಗುವುದಿಲ್ಲ. ಇದನ್ನು ಮೊದಲೇ ತಿಳಿಯಲು ಒಂದು ಎಚ್‌ಪಿಎಲ್‌ಸಿ ಅನ್ನುವ ರಕ್ತ ಪರೀಕ್ಷೆ ಸಾಕು, ಜೀವಮಾನದಲ್ಲಿ ಒಂದೇ ಸಲ. ಸೈಪ್ರಸ್‌ನಲ್ಲಿ ಮದುವೆಗೆ ಮುಂಚೆ ಈ ಪರೀಕ್ಷೆಯ ಪತ್ರ ತರಬೇಕೆಂದು ಚರ್ಚೇ ನಿಯಮ ಮಾಡಿತು. ಇಬ್ಬರೂ ವಾಹಕರು ಅಂತ ಗೊತ್ತಾದವರಲ್ಲೂ ಹೆಚ್ಚಿನವರು ಮದುವೆ ಮುರಿಯಲಿಲ್ಲ. ಗರ್ಭದ ಹಂತದಲ್ಲೇ ಪರೀಕ್ಷೆ ಮಾಡಿಸಿಕೊಂಡರು. ಅಲ್ಲಿ ಈ ಕಾಯಿಲೆಯ ಮಕ್ಕಳು ಹುಟ್ಟುವುದು ಹೆಚ್ಚೂಕಡಿಮೆ ನಿಂತೇಹೋಗಿದೆ.

'ಅಕ್ಕಾ, ನೀವು ಹೇಳೋದು ಸರಿ. ಆದ್ರೆ ವಾಹಕಿ ಅಂತ ಹೆಸರು ಬಂದ್ರೆ ಆ ಹುಡುಗಿಗೆ ಗಂಡು ಸಿಗಲ್ಲ' ಎಂದು ಸಮಿತಿಯವರೊಬ್ಬರು ಹೇಳಿದರು. ಅವರ ಮಾತು ನಿಜ. ಹುಡುಗನ ರಿಪೋರ್ಟ್ ಯಾರೂ ಕೇಳುವುದಿಲ್ಲ, ಹುಡುಗಿಯದ್ದು ಊರೆಲ್ಲಾ ಸುತ್ತುತ್ತದೆ. ನ್ಯೂಯಾರ್ಕಿನ ಸಂಪ್ರದಾಯಸ್ಥ ಯಹೂದಿಗಳು ಇದಕ್ಕೆ ದಾರಿ ಕಂಡುಕೊಂಡಿದ್ದಾರೆ. ಇಂಥದ್ದೇ ಜೀನಿನ ಕಾಯಿಲೆಯಿಂದ ಮಕ್ಕಳನ್ನು ಕಳೆದುಕೊಂಡ ಯಹೂದಿ ಧರ್ಮಗುರು, ರಬ್ಬಿ ಜೋಸೆಫ್ ಎಕ್ಸ್‌ಟೈನ್ 1980ರ ದಶಕದಲ್ಲಿ ಶುರು ಮಾಡಿದ 'ದೋರ್ ಯೆಶೋರಿಮ್' ಅದು. ಪರೀಕ್ಷೆ ಆದವರಿಗೆ ಹೆಸರಿಲ್ಲದ ಒಂದು ನಂಬರು. ಸಂಬಂಧ ಕೂಡಿಬಂದಾಗ ಎರಡೂ ನಂಬರು ಕೊಟ್ಟರೆ, ಜೋಡಿ ಸರಿಹೋಗುತ್ತದಾ ಇಲ್ಲವಾ ಅಂತ ಮಾತ್ರ ಹೇಳುತ್ತಾರೆ. ಯಾರೊಬ್ಬರ ಮೇಲೂ ಮುದ್ರೆ ಬೀಳುವುದಿಲ್ಲ. ಹಿರಿಯರು ಕೂಡಿಸುವ ಮದುವೆಗೆ ಇದು ಹೇಳಿ ಮಾಡಿಸಿದ ಹಾಗಿದೆ.

ಹಾಗಾಗಿ ನಮ್ಮ ಸಂಘಗಳ ಪದಾಧಿಕಾರಿಗಳಲ್ಲಿ ಎರಡು ಬೇಡಿಕೆ. ಮುಂದಿನ ಸಮಾವೇಶದಲ್ಲಿ ಹೆಸರು ನೋಂದಾಯಿಸುವ ಕೌಂಟರಿನ ಪಕ್ಕ ರಕ್ತ ತೆಗೆಯುವ ಟೇಬಲ್ ಇರಲಿ, ಹುಡುಗರಿಗೂ ಹುಡುಗಿಯರಿಗೂ, ನಂಬರಿನ ಮೇಲೆ, ಗುಟ್ಟಾಗಿ. ಅರ್ಜಿಯಲ್ಲಿ 'ಒಳಪಂಗಡ' ಅನ್ನುವ ಸಾಲು ಕಡ್ಡಾಯ ಮಾಡಬೇಡಿ. 'ಬೇರೆ ಜಾತಿ ಆದರೂ ಒಪ್ಪಿಗೆ' ಅಂತ ಗುರುತು ಹಾಕಲು ಒಂದು ಚೌಕ ಕೊಡಿ. ಎಷ್ಟು ಮಕ್ಕಳು ಗುರುತು ಹಾಕುತ್ತಾರೆ ಅಂತ ಅವರ ಅಪ್ಪ-ಅಮ್ಮಂದಿರೂ ನೋಡಲಿ. ಟೇಬಲ್ಲಿಗೆ ಕೂರಲು ನಾನು ಬರುತ್ತೇನೆ, ಜೊತೆಗೆ ನಮ್ಮ ಲ್ಯಾಬಿನ ಹುಡುಗಿಯರನ್ನೂ ಕರೆತರುತ್ತೇನೆ. ಸಮಿತಿಯ ಸಭೆಯಲ್ಲಿ ಮಾತಾಡಬೇಕು ಅಂದರೆ ಅದಕ್ಕೂ ತಯಾರು. ಯಾವ ಭಾನುವಾರ ಅಂತ ಇನ್‌ಬಾಕ್ಸಿಗೆ ಹಾಕಿ.