ಯಾರ್ವೆನ್‌ಪ್ಯಾ: ಮೌನಕ್ಕೆಂದು ಬಂದವರು, ರೈಲಿಗೆಂದು ಬಂದವರು

ಹೆಲ್ಸಿಂಕಿಯಿಂದ ಯಾರ್ವೆನ್‌ಪ್ಯಾಗೆ ಮನೆ ಬದಲಿಸಿದ್ದೇವೆಂದು ಊರಿನ ಕಡೆಯವರಿಗೆ ತಿಳಿಸಿದಾಗ, ವಿಳಾಸದ ಮೊದಲಲ್ಲಿ 'ಜೆ' ಅಕ್ಷರ ಕಂಡವರೆಲ್ಲ ಅದನ್ನು ಜಾರ್ವೆನ್‌ಪಾ ಎಂದೇ ಓದಿದರು. ಫಿನ್ನಿಶ್ ಭಾಷೆಯಲ್ಲಿ ಆ ಅಕ್ಷರಕ್ಕೆ ಯಕಾರದ ಉಚ್ಚಾರ. ಯಾರ್ವಿ ಎಂದರೆ ಸರೋವರ, ಪ್ಯಾ ಎಂದರೆ ತಲೆ ಅಥವಾ ತುದಿ. ಕೆರೆಕೋಡಿ ಎಂದು ಅನುವಾದಿಸಿಬಿಡುವ ಆಸೆ ನನಗೂ ಆಗಿತ್ತು. ಆದರೆ ತೂಸುಲಾ ಸರೋವರದ ನೀರು ಹೊರಹೋಗುವುದು ದಕ್ಷಿಣದ ತುದಿಯಿಂದ, ಈ ಊರಿರುವುದು ಉತ್ತರದ ತುದಿಯಲ್ಲಿ. ಆದ್ದರಿಂದ ಕೋಡಿಯ ಮಾತನ್ನು ಕೈಬಿಟ್ಟು ಸರೋವರದ ತಲೆ ಎನ್ನುವುದೇ ಸರಿ.

ರಾಜಧಾನಿಯಿಂದ ಉತ್ತರಕ್ಕೆ ಸುಮಾರು 37 ಕಿಲೋಮೀಟರ್ ದೂರದಲ್ಲಿರುವ ಈ ಊರಿನ ವಿಸ್ತೀರ್ಣ 40 ಚದರ ಕಿಲೋಮೀಟರಿನ ಆಸುಪಾಸು, ಜನಸಂಖ್ಯೆ 45,000ಕ್ಕೂ ಹೆಚ್ಚು. ನಮ್ಮ ಕಡೆಯ ಲೆಕ್ಕದಲ್ಲಿ ಇದು ತಾಲ್ಲೂಕು ಕೇಂದ್ರದಷ್ಟು ಊರು. ಆದರೆ ಚದರ ಕಿಲೋಮೀಟರಿಗೆ ಸರಾಸರಿ 20 ಜನರೂ ಇಲ್ಲದ ದೇಶದಲ್ಲಿ ಸಾವಿರಕ್ಕೂ ಹೆಚ್ಚು ಜನರಿರುವ ಜಾಗವೆಂದರೆ ಸಂತೆಯೇ. 1951ರಲ್ಲಿ ನೆರೆಯ ತೂಸುಲಾ ಪುರಸಭೆಯಿಂದ ಬೇರ್ಪಟ್ಟು ಪೇಟೆಯಾದ ಯಾರ್ವೆನ್‌ಪ್ಯಾಗೆ 1967ರಲ್ಲಿ ನಗರದ ದರ್ಜೆ ಸಿಕ್ಕಿತು.

ಇಲ್ಲಿನ ಬೆಳವಣಿಗೆಯ ಬಗ್ಗೆ ಮಾತು ಬಂದಾಗಲೆಲ್ಲ ಒಂದು ಕೊರಗು ಕೇಳಿಬರುತ್ತದೆ: ವಾದ್ಯವೃಂದಕ್ಕೆ ಸಿಂಫನಿ ಎಂಬ ದೀರ್ಘ ಕೃತಿಗಳನ್ನು ರಚಿಸಿದ ಸಂಗೀತಗಾರ ಸಿಬೆಲಿಯಸ್ ಮೌನವನ್ನು ಹುಡುಕಿಕೊಂಡು ಬಂದ ಊರಿನಲ್ಲಿ, ರೈಲು ನಿಲ್ದಾಣದ ಸುತ್ತ ಬಹುಮಹಡಿ ಕಟ್ಟಡಗಳು ಏಳುತ್ತಿವೆಯಲ್ಲ ಎಂದು. ಈ ಕೊರಗನ್ನು ನಾನು ಒಪ್ಪುವುದಿಲ್ಲ. ಆ ಮೌನವನ್ನು ಇಲ್ಲಿಗೆ ಕರೆತಂದದ್ದೇ ರೈಲು.

ಫಿನ್ಲೆಂಡಿನ ಮೊದಲ ರೈಲುಮಾರ್ಗ 1862ರಲ್ಲಿ ಹೆಲ್ಸಿಂಕಿಯಿಂದ ಹಮೀನ್‌ಲಿನ್ನಾವರೆಗೆ ತೆರೆದಾಗ ಅದು ಹಾದುಹೋದದ್ದು ಈ ಊರಿನ ಮೂಲಕವೇ. ಪೇಟೆಯ ಗದ್ದಲ ಬೇಡ, ಆದರೆ ಪ್ರಕಾಶಕರು, ಸಂಗೀತ ಕಛೇರಿಗಳು, ನಾಟಕಶಾಲೆಗಳು ಕೈಗೆಟುಕುವಷ್ಟು ಹತ್ತಿರವಿರಬೇಕು ಎನ್ನುವವರಿಗೆ ಸರೋವರದ ಈ ದಡ ಹೇಳಿ ಮಾಡಿಸಿದಂತಿತ್ತು. 1897ರಲ್ಲಿ ಲೇಖಕ ಯುಹಾನಿ ಅಹೊ ಮತ್ತು ಅವರ ಪತ್ನಿ, ಚಿತ್ರಕಲಾವಿದೆ ವೆನ್ನಿ ಸೊಲ್ಡಾನ್ ಬ್ರೂಫೆಲ್ಟ್ ಬಂದರು. 1901ರಲ್ಲಿ ಚಿತ್ರಕಾರ ಏರೊ ಯಾರ್ನೆಫೆಲ್ಟ್ ಬಂದರು, ಮರುವರ್ಷ ಇದೇ ದಡದ ತೂಸುಲಾ ಭಾಗದಲ್ಲಿ ಪೆಕ್ಕಾ ಹಲೊನೆನ್ ಮನೆ ಕಟ್ಟಿದರು. 1904ರಲ್ಲಿ, ಹೆಲ್ಸಿಂಕಿಯ ಹೋಟೆಲುಗಳಲ್ಲಿ ಕುಡಿತಕ್ಕೂ ಹರಟೆಗೂ ರಾತ್ರಿಗಳನ್ನು ಕಳೆದುಕೊಳ್ಳುತ್ತಿದ್ದ ಸಿಬೆಲಿಯಸ್, ಯಾರ್ನೆಫೆಲ್ಟರ ತಂಗಿಯೂ ತಮ್ಮ ಪತ್ನಿಯೂ ಆದ ಐನೊ ಮತ್ತು ಮಕ್ಕಳೊಡನೆ ಇಲ್ಲಿ ನೆಲೆಯಾದರು. ಮನೆಗೆ ಹೆಂಡತಿಯ ಹೆಸರು: ಐನೋಲಾ.

ಬೇಸಿಗೆಯಲ್ಲಿ ಮಾತ್ರ ತೆರೆದಿರುವ ಆ ಮನೆಯನ್ನು ಎರಡು ಬಾರಿ ನೋಡಿದ್ದೇನೆ. ಊಟದ ಕೋಣೆಯಲ್ಲಿ ಒಂದು ದೊಡ್ಡ ಹಸಿರು ಅಗ್ಗಿಷ್ಟಿಕೆ ಇದೆ. ಬಣ್ಣಗಳಲ್ಲಿ ಸ್ವರ ಕೇಳುತ್ತಿದ್ದ ಸಿಬೆಲಿಯಸ್‌ಗೆ ಆ ಹಸಿರು ಎಫ್ ಮೇಜರ್ ಎಂಬ ಪಾಶ್ಚಾತ್ಯ ಸ್ವರಶ್ರೇಣಿಯಾಗಿತ್ತಂತೆ. ನಲ್ಲಿಯ ಕೊಳವೆಯಲ್ಲಿ ನೀರು ಹರಿಯುವ ಸದ್ದೂ ಬರವಣಿಗೆಗೆ ಅಡ್ಡಿಯೆಂದು ಅವರಿದ್ದಷ್ಟು ಕಾಲ ಮನೆಗೆ ನೀರಿನ ಕೊಳವೆ ಹಾಕಿಸಲು ಒಪ್ಪಲಿಲ್ಲ. ಬಾವಿಯಿಂದ ನೀರು ಹೊತ್ತವರ ಹೆಸರಿನಲ್ಲಿ ಯಾವ ಸಿಂಫನಿಯೂ ಇಲ್ಲವೆಂದು ನನ್ನ ಹೆಂಡತಿ ಅಲ್ಲಿಯೇ, ಮಾರ್ಗದರ್ಶಕಿಯ ಎದುರೇ, ಹೇಳಿದಳು. ಮೂರನೆಯದರಿಂದ ಏಳನೆಯದರವರೆಗಿನ ಸಿಂಫನಿಗಳು ಈ ಮನೆಯಲ್ಲಿ ರೂಪುಗೊಂಡವು. 1926ರ ನಂತರ, ಅಂದರೆ 1957ರಲ್ಲಿ ತೀರಿಕೊಳ್ಳುವವರೆಗಿನ ಮೂರು ದಶಕ, ಅವರಿಂದ ದೊಡ್ಡ ಕೃತಿಯೇ ಹೊರಬರಲಿಲ್ಲ. ಎಂಟನೆಯ ಸಿಂಫನಿಯ ಹಸ್ತಪ್ರತಿಯನ್ನು 1940ರ ದಶಕದಲ್ಲಿ ಇಲ್ಲಿಯೇ ಸುಟ್ಟುಹಾಕಿದರು. ಸಂಗೀತ ಚರಿತ್ರೆಯಲ್ಲಿ ಇದಕ್ಕೆ 'ಯಾರ್ವೆನ್‌ಪ್ಯಾದ ಮೌನ' ಎಂದೇ ಹೆಸರು. ಗಂಡ ಹೆಂಡತಿ ಇಬ್ಬರ ಸಮಾಧಿಯೂ ಆ ತೋಟದಲ್ಲಿದೆ, ಮತ್ತು ಅದರ ಮುಂದೆ ನಿಂತಾಗ ರಸ್ತೆಯ ಕಾರುಗಳ ಸದ್ದು ಸ್ಪಷ್ಟವಾಗಿ ಕೇಳುತ್ತದೆ.

ಇಷ್ಟಾದರೂ ನಿಲ್ದಾಣದ ಸುತ್ತಲಿನ ಕಟ್ಟಡಗಳನ್ನು ನಾನು ಸಮರ್ಥಿಸುತ್ತೇನೆ. ಬರುವ ಜನರನ್ನು ಎತ್ತರಕ್ಕೆ ಕೂಡಿಸದಿದ್ದರೆ ಅವರು ಹರಡುತ್ತಾರೆ, ಹರಡಿದಲ್ಲೆಲ್ಲ ಕಾಡು ಕಡಿಯಬೇಕಾಗುತ್ತದೆ, ಮನೆಗೆ ಎರಡೆರಡು ಕಾರು ಬೇಕಾಗುತ್ತದೆ. ಆ ಕಾರುಗಳ ಸದ್ದೇ ತೋಟದ ಮೌನವನ್ನು ಕೆಡಿಸುವುದು. ಇಲ್ಲಿ ನಡೆದು ಹೋಗಿ ರೈಲು ಹಿಡಿದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಹೆಲ್ಸಿಂಕಿ ತಲುಪಬಹುದು. ಕಾರಿಲ್ಲದೆ ಮೂರು ಚಳಿಗಾಲ ಕಳೆದವನಾಗಿ ಇದನ್ನು ಹೇಳುತ್ತಿದ್ದೇನೆ. ನನ್ನ ತಕರಾರು ಬೇರೆಯದು. ಹೊಸ ಮನೆಗಳಲ್ಲಿ ಬಹಳಷ್ಟು ಒಂದೇ ಕೋಣೆಯವು, ಹೆಚ್ಚೆಂದರೆ ಎರಡು. ನಮ್ಮಂತೆ ಮಕ್ಕಳಿರುವವರು ಬಾಡಿಗೆಗೆ ಹುಡುಕುತ್ತ ಹೋದರೆ ನಿಲ್ದಾಣದಿಂದ ದೂರ ದೂರ ಸರಿಯುತ್ತ, ಕೊನೆಗೆ ಕಾರಿಗೇ ಶರಣಾಗಬೇಕಾಗುತ್ತದೆ.

ಬೆಳವಣಿಗೆ ನಿಜವಾಗಿ ಹಾಳುಮಾಡಿದ್ದು ಸರೋವರವನ್ನು, ಅದೂ ಈಗಲ್ಲ, ಹಿಂದೆ. ತೂಸುಲಾ ಸರೋವರ ಬಹಳ ಆಳವಿಲ್ಲದ್ದು, ಸರಾಸರಿ ಮೂರು ಮೀಟರ್ ಅಷ್ಟೆ. 1970ರ ದಶಕದ ಕೊನೆಯವರೆಗೂ ಕೊಳಚೆ ನೀರು ಅದಕ್ಕೇ ಸೇರುತ್ತಿತ್ತು. ಸುತ್ತಲಿನ ಹೊಲಗಳ ಗೊಬ್ಬರವೂ ಕೂಡಿ ನೀರು ಪಾಚಿಗಟ್ಟಿತು. ಆ ಬಳಿಕ ಕೊಳಚೆಯನ್ನು ಹೆಲ್ಸಿಂಕಿಯ ಶುದ್ಧೀಕರಣ ಘಟಕದ ಕಡೆಗೆ ತಿರುಗಿಸಿದರು. ಆದರೆ ತಳದ ಕೆಸರಿನಲ್ಲಿ ಸೇರಿಹೋದ, ಪಾಚಿಯನ್ನು ಬೆಳೆಸುವ ರಂಜಕ (ಫಾಸ್ಫರಸ್) ಹಾಗೆ ಬಿಟ್ಟುಹೋಗುವಂಥದ್ದಲ್ಲ. ಅದಕ್ಕಾಗಿ ನೀರಿಗೆ ಆಮ್ಲಜನಕ ಊಡುತ್ತಾರೆ, ಕೆಸರು ಕೆದಕುವ ಮೀನುಗಳನ್ನು ಬಲೆ ಹಾಕಿ ಹಿಡಿದು ಹೊರತೆಗೆಯುತ್ತಾರೆ, ಉತ್ತರದ ತುದಿಯಲ್ಲಿ ರಾಂತಮೊ-ಸೈತ್ತೆಲಿ ಎಂಬ ಜೌಗುಪ್ರದೇಶವನ್ನು ರೂಪಿಸಿ, ಹೊಲಗಳಿಂದ ಬರುವ ನೀರು ಅಲ್ಲಿ ತಂಗಿ ತಿಳಿಯಾಗಿ ಮುಂದೆ ಹೋಗುವಂತೆ ಮಾಡಿದ್ದಾರೆ. ಈಗ ಅದು ಹಕ್ಕಿ ನೋಡುವವರ ಜಾಗ. ಬೆಳಂದೂರು ಕೆರೆಯ ನೊರೆಯನ್ನು ಕಣ್ಣಾರೆ ಕಂಡವನಿಗೆ, ನಾಲ್ಕು ದಶಕ ಕಳೆದರೂ ಮುಗಿಯದ ಈ ಚಾಕರಿಯನ್ನು ನೋಡಿ ಸಮಾಧಾನವೂ ಆಗುತ್ತದೆ, ಭಯವೂ ಆಗುತ್ತದೆ.

ಊರು ಪೂರ್ತಿ ಮೌನವೇನೂ ಅಲ್ಲ. 1978ರಿಂದ ಇಲ್ಲಿ ಪುಯಿಸ್ತೊಬ್ಲೂಸ್ ಎಂಬ ಬ್ಲೂಸ್ ಸಂಗೀತದ ಉತ್ಸವ ನಡೆಯುತ್ತಿದೆ. ಬೇಸಿಗೆಯ ಆ ದಿನ ಹುಲ್ಲಿನ ಮೇಲೆ ಚಾಪೆ ಹಾಸಿಕೊಂಡು ಜನ ಕುಳಿತಿರುತ್ತಾರೆ. ಉಳಿದ ದಿನಗಳಲ್ಲಿ, ಅದರಲ್ಲೂ ಜನವರಿಯ ಬೆಳಗ್ಗೆ, ಪ್ಲಾಟ್‌ಫಾರಂ ಮೇಲೆ ಒಬ್ಬರಿಗೊಬ್ಬರು ಎರಡು ಮಾರು ದೂರದಲ್ಲಿ ನಿಂತ ಹತ್ತಾರು ಜನರಲ್ಲಿ ಯಾರೂ ತುಟಿ ಬಿಚ್ಚುವುದಿಲ್ಲ. ಹಿಮವನ್ನು ಒದರಿಕೊಳ್ಳುವ ಬೂಟುಗಳ ಸದ್ದು ಮಾತ್ರ.

ಸಂಜೆ ಹಿಂದಿರುಗುವಾಗ ನಮ್ಮ ನಿಲ್ದಾಣಕ್ಕಿಂತ ಮುಂಚೆ ಐನೋಲಾ ಎಂಬ ನಿಲ್ದಾಣ ಬರುತ್ತದೆ. ಚಳಿಗಾಲದಲ್ಲಿ ವಸ್ತುಸಂಗ್ರಹಾಲಯಕ್ಕೆ ಬೀಗ. ಆದರೂ ಅಲ್ಲಿ ಹಲವರು ಇಳಿಯುತ್ತಾರೆ, ದಿನಸಿ ಚೀಲ ಹಿಡಿದು, ಮಗುವಿನ ಟೋಪಿ ಸರಿಮಾಡಿ, ಹಳಿಯ ಪಕ್ಕದ ಹೊಸ ಮನೆಗಳ ಕಡೆಗೆ ನಡೆಯುತ್ತಾರೆ.