ಕಪ್ಪು ಎರಡರ ಶ್ರುತಿಯ ಭಾಗವತರನ್ನು ಬಿಳಿ ಐದಕ್ಕೆ ಹತ್ತಿಸಿದವರು ಉತ್ತರ ಕೊಡಿ

ನಿನ್ನೆ ಸಂಜೆ ಯಕ್ಷಗಾನದ ವಿಡಿಯೋ ತೋರಿಸಿದರು. ಎಡಿಟ್ ಮಾಡುವಾಗ ಹಾಕುವ ಒಂದು ಟಿಕ್ ಗುರುತು. ಹಾಕದೆ ಒಂದು ಸಲ ಹಾಳು ಮಾಡಿದರು, ಹಾಕಿ ಇನ್ನೊಂದು ಸಲ ಹಾಳು ಮಾಡಿದರು. ನಿನ್ನೆ ಸಂಜೆಯಿಂದ ತಲೆಯಲ್ಲಿ ಅದೇ ಸುತ್ತುತ್ತಿದೆ.

ಮೂರು ಗಂಟೆಯ ಆಟ ಎರಡೂವರೆಯೊಳಗೆ ಮುಗಿಯಬೇಕಂತೆ. ಹಾಗಾದರೆ ಕತ್ತರಿಸಬೇಕಿತ್ತು. ನಡುವಿನ ಸನ್ಮಾನ, ಶಾಲು, ಧನ್ಯವಾದ ತೆಗೆದರೆ ಅರ್ಧ ಗಂಟೆ ಸಲೀಸಾಗಿ ಸಿಗುತ್ತಿತ್ತು. ಅದು ಬಿಟ್ಟು ಇಡೀ ವಿಡಿಯೋಗೆ 1.25 ವೇಗ ಕೊಟ್ಟರು. 180 ನಿಮಿಷ 144 ಆಯಿತು.

ಆಟದಲ್ಲಿ ಪದ್ಯ ಹಾಡಿದ ಭಾಗವತರು ಮುಂದಿನ ಸಾಲಿನಲ್ಲೇ ಕೂತಿದ್ದರು. ಮೊದಲ ಪದ್ಯ ಶುರುವಾಗುವಾಗ ಬಲಗೈ ತೊಡೆಯ ಮೇಲೆ ತಾಳಕ್ಕೆ ಸಿದ್ಧವಾಗಿತ್ತು. ಸ್ಪೀಕರಿನಿಂದ ಬಂದದ್ದು ಸಣ್ಣ ಹುಡುಗನ ಕೀರಲು ಸ್ವರ. ಹಿಂದೆ ಮಕ್ಕಳು ಕಿಸಕ್ಕೆಂದರು, ಆಮೇಲೆ ದೊಡ್ಡವರೂ ನಕ್ಕರು. ಆ ಕೈ ಎರಡು ಪೆಟ್ಟು ಹಾಕಿ ನಿಂತುಬಿಟ್ಟಿತು. ಪಕ್ಕಕ್ಕೆ ವಾಲಿ ಮೆಲ್ಲಗೆ ಕೇಳಿದರು: "ಇದು ಯಾರ ಸ್ವರ ಮಾರಾಯ್ರೆ?"

ಅವರದ್ದೇ ಸ್ವರ. ಸೆಕೆಂಡಿಗೆ 48000 ಸ್ಯಾಂಪಲ್ (ಧ್ವನಿಯ ಅಳತೆ) ಇರುವ ಧ್ವನಿಯನ್ನು 0.8 ಸೆಕೆಂಡಿನಲ್ಲಿ ಓದಿಸಿ, ಮತ್ತೆ ಸೆಕೆಂಡಿಗೆ 48000 ಅಳತೆ ಬರುವ ಹಾಗೆ ರೀಸ್ಯಾಂಪಲ್ ಮಾಡಿದರೆ ಪ್ರತಿ ಕಂಪನವೂ 1.25 ಪಟ್ಟಾಗುತ್ತದೆ. 1.25 ಅಂದರೆ 5/4. ಷಡ್ಜ (ಸ) ಇದ್ದಲ್ಲಿ ಅಂತರ ಗಾಂಧಾರ (ಗ) ಕೇಳಿಸುತ್ತದೆ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ, ಸುಮಾರು 156 ಹರ್ಟ್ಸ್‌ನ ಕಪ್ಪು ಎರಡು 195ಕ್ಕೆ ಏರಿ ಬಿಳಿ ಐದರ ಬಾಗಿಲಲ್ಲಿ ನಿಲ್ಲುತ್ತದೆ. ಶ್ರುತಿ ಏರಿದ್ದು ಮಾತ್ರ ಆಗಿದ್ದರೆ ಯಾರೂ ನಗುತ್ತಿರಲಿಲ್ಲ. ಗಂಟಲು, ಬಾಯಿಯ ಅನುರಣನವೂ ಅಷ್ಟೇ ಪಟ್ಟು ಮೇಲೆ ಸರಿಯುತ್ತದೆ. ಮನುಷ್ಯನ ಗಂಟಲನ್ನೇ ಚಿಕ್ಕದು ಮಾಡಿದ ಹಾಗೆ. ಮಕ್ಕಳಿಗೆ ನಗು ಬಂದದ್ದು ಅದಕ್ಕೆ.

ಯಾರೋ ಹೇಳಿದರು, "ಮೇಂಟೇನ್ ಆಡಿಯೋ ಪಿಚ್" (ಶ್ರುತಿ ಹಾಗೇ ಉಳಿಸು) ಅನ್ನೋ ಕಡೆ ಟಿಕ್ ಹಾಕಿ ಅಂತ. ಹಾಕಿದರು. ಊಟ ಮುಗಿದ ಮೇಲೆ ಎರಡನೇ ಸಲ ಹಾಕಿ ತೋರಿಸಿದರು. ಶ್ರುತಿ ಸರಿ ಇತ್ತು, ಸ್ವರವೂ ಅವರದ್ದೇ. ಎಲ್ಲರಿಗೂ ಸಮಾಧಾನ. ತ್ವರಿತ ತ್ರಿವುಡೆ ತಾಳ ಬಂತು ನೋಡಿ, ಭಾಗವತರ ಮುಖ ಮತ್ತೆ ಬಾಡಿತು. "ಚೆಂಡೆಯವ ಹೀಗೆ ಬಾರಿಸುವವನೇ ಅಲ್ಲ" ಅಂದರು. ಆ ಚೆಂಡೆಯವರು ಈಗ ಇಲ್ಲ. ಇಲ್ಲದವರ ಕೈಯ ಮೇಲೆ ತಪ್ಪು ಹೊರಿಸಿದಂತಾಯಿತು.

ಆ ಟಿಕ್ ಏನು ಮಾಡುತ್ತದೆ ಅಂತ ಎಡಿಟ್ ಮಾಡುವವರು ತಿಳಿದುಕೊಳ್ಳಬೇಡವೇ? ಇಂಥ ಹೆಚ್ಚಿನ ಸಾಧನಗಳು ಧ್ವನಿಯನ್ನು ಕೆಲವು ಹತ್ತು ಮಿಲಿಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ನಡುವೆ ಸ್ವಲ್ಪ ಸ್ವಲ್ಪ ಎಸೆದು, ಅಲೆ ಹೊಂದುವ ಜಾಗ ಹುಡುಕಿ ಅಂಚಿಗೆ ಅಂಚು ಬೆಸೆಯುತ್ತವೆ. 1.25ರಲ್ಲಿ ಒಟ್ಟು ಐದರಲ್ಲಿ ಒಂದು ಪಾಲು ಕಸದ ಬುಟ್ಟಿಗೆ. ಒಬ್ಬರೇ ಮಾತಾಡುವಾಗ ಇದು ಗೊತ್ತೇ ಆಗುವುದಿಲ್ಲ, ಪಾತ್ರಧಾರಿಗಳ ಮಾತಿಗೆ, ಅಂದರೆ ಅರ್ಥಗಾರಿಕೆಗೆ ನಡೆಯುತ್ತದೆ. ಪದ್ಯದಲ್ಲಿ ಸ್ವರ, ಶ್ರುತಿಪೆಟ್ಟಿಗೆ, ಮದ್ದಳೆ, ಚೆಂಡೆ, ಜಾಗಟೆ ಎಲ್ಲ ಒಂದೇ ಟ್ರ್ಯಾಕಿನಲ್ಲಿವೆ. ಸ್ವರಕ್ಕೆ ಹೊಂದುವ ಜಾಗದಲ್ಲಿ ಬೆಸುಗೆ ಬಿದ್ದರೆ ಚೆಂಡೆಯ ಪೆಟ್ಟು ಅದರಡಿ ಸಿಕ್ಕಿಕೊಳ್ಳುತ್ತದೆ. ಬಿಡದೆ ಬಾರಿಸುವ ಉರುಳಿಕೆಯಲ್ಲಿ ಸೆಕೆಂಡಿಗೆ ಹತ್ತು ಪೆಟ್ಟು ಬಿದ್ದರೆ ಎರಡರ ನಡುವೆ ನೂರೇ ಮಿಲಿಸೆಕೆಂಡು. ಅವು ಸಮವಾಗಿ ಎಂಬತ್ತಕ್ಕೆ ಇಳಿಯುವ ಬದಲು ಒಂದು ಹತ್ತಿರ, ಒಂದು ದೂರ, ಒಂದು ಅರ್ಧ ನುಂಗಿದ್ದು. ಲಯ ಕುಂಟುತ್ತದೆ. ನಿಧಾನ ಮಾಡಿದರೆ ಇನ್ನೂ ಕಷ್ಟ, ಒಂದೇ ಪೆಟ್ಟು ಎರಡಾಗಿ ಕೇಳುತ್ತದೆ. ಧ್ವನಿಯನ್ನು ಕಂಪನಗಳಾಗಿ ಬಿಡಿಸಿ ಮತ್ತೆ ಜೋಡಿಸುವ ಫೇಸ್ ವೊಕೋಡರ್ ಬಗೆಯದು ಬಳಸಿದರೂ, ಅದು ಒಮ್ಮೆಗೆ ನೋಡುವ 2048 ಸ್ಯಾಂಪಲ್‌ನ ಕಿಟಕಿ ಅಂದರೆ 43 ಮಿಲಿಸೆಕೆಂಡು. ಪೆಟ್ಟಿನ ಮೊನೆ ಅಷ್ಟಗಲಕ್ಕೆ ಹರಡಿ ಮೊಂಡಾಗುತ್ತದೆ.

ಬಿಡಿ, ಎಲ್ಲರೂ ಫೋನಿನಲ್ಲಿ ನೋಡುವವರು, ಯಾರಿಗೆ ಬೇಕು ಇದೆಲ್ಲ ಅಂತ ರಾತ್ರಿ ಮಲಗಿದ್ದಾಯಿತು. ಇಲ್ಲ, ಬಿಡಲಾಗುವುದಿಲ್ಲ. ವೇಗ ಬೇಕಾದವರು ತಮ್ಮ ಫೋನಿನಲ್ಲೇ 1.25 ಒತ್ತಿಕೊಳ್ಳಲಿ, ಯೂಟ್ಯೂಬಿನಲ್ಲಿ 2ರ ತನಕ ಇದೆ. ಕಡತದೊಳಗೇ ವೇಗ ತುಂಬಿ ಕೊಡುವ ಹಕ್ಕು ನಿಮಗೆ ಯಾರು ಕೊಟ್ಟರು?

ಇನ್ನೂ ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ಎಲ್ಲರೂ ನಕ್ಕ ಆ ಮೊದಲ ಕಡತವೇ ಒಳ್ಳೆಯದಿತ್ತು! ಅದರಲ್ಲಿ ಒಂದು ಪೆಟ್ಟೂ ಕಳೆದಿರಲಿಲ್ಲ. ಬರೀ ರೀಸ್ಯಾಂಪಲ್ ಆದದ್ದನ್ನು ವಾಪಸು ತರಬಹುದು. ಎಫ್ಎಫ್ಎಂಪೆಗ್ ತಂತ್ರಾಂಶದಲ್ಲಿ ಅಸೆಟ್‌ರೇಟ್ (asetrate) 38400, ಅದರ ಹಿಂದೆಯೇ ಎರೀಸ್ಯಾಂಪಲ್ (aresample) 48000; ಅಥವಾ ಆಡಾಸಿಟಿ ತಂತ್ರಾಂಶದಲ್ಲಿ ವೇಗ 0.8. ಶ್ರುತಿ, ಕಾಲ ಎರಡೂ ಮೂಲಕ್ಕೆ ಬರುತ್ತವೆ. ಹೋಗುವುದು 19200 ಹರ್ಟ್ಸ್‌ಗಿಂತ ಮೇಲಿನದ್ದು ಮಾತ್ರ, ಅದು ಹೋದರೆ ಹೋಗಲಿ. ವೇಗ ಹಾಗೇ ಇಟ್ಟು ಪಿಚ್ ಮಾತ್ರ ಇಳಿಸಲು ಹೋಗಬಾರದು, ಅದೂ ಅದೇ ಕತ್ತರಿ.

ಎರಡನೇ ಕಡತದಿಂದ ಎಸೆದದ್ದು ಯಾವ ಉಪಾಯಕ್ಕೂ ಬಾರದು. ಆ ಎರಡನೆಯದನ್ನು ಮೊದಲನೆಯದರ ಹೆಸರಿನಲ್ಲೇ, ಅದರ ಮೇಲೆಯೇ ಉಳಿಸಿದ್ದಾರೆ. ಮೂಲ ಎಲ್ಲಿ ಅಂತ ಕೇಳಿದರೆ, "ಕಾರ್ಡಿನಲ್ಲಿ ಜಾಗ ಇರಲಿಲ್ಲ ಅಣ್ಣ, ಅಳಿಸಿದೆ."

ಊಟಕ್ಕೆ ಮೊದಲು ಯಾರಾದರೂ ಆ ಕಡತವನ್ನು ಪೆನ್‌ಡ್ರೈವಿಗೆ ಹಾಕಿಕೊಂಡಿದ್ದೀರಾ? ದಯವಿಟ್ಟು ಹೇಳಿ. 144 ನಿಮಿಷ ಇದ್ದರೆ ಎರಡರಲ್ಲಿ ಯಾವುದೆಂದು ತಿಳಿಯುವುದಿಲ್ಲ, ಎರಡೂ ಅಷ್ಟೇ ಉದ್ದ. ಮೊದಲ ಪದ್ಯ ಹಾಕಿ ಕೇಳಿ. ಮಗುವಿನ ಸ್ವರ ಬಂದರೆ ಅಳಿಸಬೇಡಿ. ವಾಟ್ಸಾಪಿನಲ್ಲಿ ವಿಡಿಯೋ ಆಗಿ ಕಳಿಸಬೇಡಿ, ಹಿಂಡಿಬಿಡುತ್ತದೆ. ಪೆನ್‌ಡ್ರೈವನ್ನೇ ತನ್ನಿ.