ಹಬ್ಬದಲ್ಲಿ ಮಕ್ಕಳಿಗೊಂದು ಕೆಲಸ ಬೇಕು

2020ರ ಯುಗಾದಿ ಬಂದಿದ್ದು ಮಾರ್ಚ್ 25ಕ್ಕೆ. ಭಾರತದಲ್ಲಿ ಲಾಕ್‌ಡೌನ್‌ನ ಮೊದಲ ದಿನವೂ ಅದೇ. ನಾವಿರುವ ನ್ಯೂಜೆರ್ಸಿಯಲ್ಲಿ ಅದಕ್ಕೂ ಮೊದಲೇ, 21ರ ರಾತ್ರಿಯಿಂದ, ಮನೆಯಲ್ಲೇ ಇರಬೇಕೆಂಬ ಆದೇಶ ಜಾರಿಗೆ ಬಂದಿತ್ತು. ನಮ್ಮ ಊರು ಟೀನೆಕ್‌ನಲ್ಲಿ ಯಹೂದಿಗಳು ಜಾಸ್ತಿ. ರಾಜ್ಯದಲ್ಲಿ ಸೋಂಕು ಮೊದಲು ಹಬ್ಬಿದ ಊರುಗಳಲ್ಲಿ ಇದೂ ಒಂದು. ಇಲ್ಲಿನ ಬರ್ಗೆನ್ ಕೌಂಟಿಯ ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ಸರ್ಕಾರ ಹೇಳಲಿ ಅಂತ ಕಾಯಲಿಲ್ಲ. ಮಾರ್ಚ್ 12ಕ್ಕೇ ತಮ್ಮ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳ ಬಾಗಿಲು ಹಾಕಿಸಿದರು.

ಆ ವರ್ಷ ಯುಗಾದಿಯ ಅಮಾವಾಸ್ಯೆಯಿಂದಲೇ ಯಹೂದಿಗಳ ನೀಸಾನ್ ತಿಂಗಳೂ ಶುರು. ಅಲ್ಲಿಂದ ಹುಣ್ಣಿಮೆಗೆ ಪಾಸೋವರ್ ಹಬ್ಬ. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿಗೆ ಎಂಟು ದಿನ ಉಬ್ಬಿಸಿದ ಹಿಟ್ಟಿನ ಬ್ರೆಡ್ ಮುಟ್ಟುವುದಿಲ್ಲ. ಮೊದಲ ಎರಡು ರಾತ್ರಿ ಸೇಡರ್ ಅಂತ ದೊಡ್ಡ ಊಟ. ಆ ವರ್ಷ ಅದು ಏಪ್ರಿಲ್ 8ರ ಬುಧವಾರ ಸಂಜೆ ಶುರುವಾಯಿತು.

ಪಕ್ಕದ ಮನೆಯಲ್ಲಿ ಆಗ ಹದಿನೈದರ ಹುಡುಗಿ ಇದ್ದಳು, ನನ್ನ ಮಗನ ಓರಗೆಯವಳು. ಪ್ರತಿ ವರ್ಷ ಅವರ ಮನೆ ಮುಂದೆ ಕಾರುಗಳ ಸಾಲು ನಿಲ್ಲುತ್ತಿತ್ತು. ಆ ಸಲ ಮೇಜಿನ ಸುತ್ತ ಅಪ್ಪ, ಅಮ್ಮ, ಅವಳು, ಅಷ್ಟೇ. ಸೇಡರ್‌ನಲ್ಲಿ ಮನೆಯ ಅತಿ ಚಿಕ್ಕ ಮಗು ಎದ್ದು ಹಾಡಿನಲ್ಲಿ ಪ್ರಶ್ನೆ ಕೇಳಬೇಕು: ಈ ರಾತ್ರಿ ಉಳಿದ ರಾತ್ರಿಗಳಂತೆ ಯಾಕಿಲ್ಲ? ಯಾಕೆ ಉಬ್ಬದ ರೊಟ್ಟಿ, ಯಾಕೆ ಕಹಿ ಸೊಪ್ಪು? ಉಳಿದ ರಾತ್ರಿಯೆಲ್ಲ ದೊಡ್ಡವರು ಅದಕ್ಕೆ ಉತ್ತರ ಹೇಳುತ್ತಾ ಕೂರುತ್ತಾರೆ. ಆ ಕೆಲಸ ಎಷ್ಟೋ ವರ್ಷದಿಂದ ಅವಳ ಚಿಕ್ಕಪ್ಪನ ಪುಟ್ಟ ಮಕ್ಕಳ ಪಾಲಾಗಿತ್ತು. ಈಗ ಮತ್ತೆ ಅವಳ ಪಾಲಿಗೆ ಬಂತು. ಮೊದಲು ನಾಚಿಕೆಯಾಯಿತಂತೆ. ಆಮೇಲೆ ಅವಳೇ ಹೇಳಿದಳು, ಚಿಕ್ಕವಳಿದ್ದಾಗ ಬಾಯಿಪಾಠ ಒಪ್ಪಿಸಿದ್ದೆ, ಈ ಸಲ ನಿಜವಾಗಿ ಕೇಳಿದೆ ಅಂತ.

ಕೇಳದೆ ಇರುವುದಾದರೂ ಹೇಗೆ? ಹಸಿದವರೆಲ್ಲ ಬಂದು ಉಣ್ಣಿ ಅನ್ನುವ ಮಾತಿನಿಂದ ಅವರ ಸೇಡರ್ ಕಥೆ ಶುರುವಾಗುತ್ತದೆ. ಆ ವರ್ಷ ಯಾರೂ ಬರುವ ಹಾಗಿರಲಿಲ್ಲ. ಆಮೇಲೆ ಈಜಿಪ್ಟಿಗೆ ಬಂದ ಹತ್ತು ಪಿಡುಗುಗಳ ಹೆಸರು ಹೇಳಿ, ಒಂದೊಂದಕ್ಕೂ ಲೋಟದಿಂದ ದ್ರಾಕ್ಷಾರಸದ ಒಂದು ಹನಿ ತೆಗೆಯುತ್ತಾರೆ. ಶತ್ರುವಿಗೆ ಬಂದ ಕಷ್ಟವಾದರೂ ನಮ್ಮ ಸಂತೋಷ ಅಷ್ಟು ಕಡಿಮೆಯಾಗಬೇಕು ಅಂತ. ಹೊರಗೆ ಆಂಬುಲೆನ್ಸ್ ಸದ್ದು ಕೇಳುತ್ತಿರುವಾಗ ಆ ಹತ್ತು ಹೆಸರು ಹೇಳುವುದು ಕಷ್ಟವಾಯಿತು ಅಂದಳು. ಇನ್ನೊಂದು ವಿಷಯವನ್ನೂ ಅವಳೇ ನನಗೆ ತೋರಿಸಿಕೊಟ್ಟಳು. ಬಿಡುಗಡೆಯ ಆ ಮೊದಲ ರಾತ್ರಿ, ಬೆಳಗಾಗುವ ತನಕ ಯಾರೂ ಮನೆ ಬಾಗಿಲು ದಾಟಬಾರದು ಅಂತ ಮೋಶೆ ಹೇಳಿದ್ದು ಅವರ ಗ್ರಂಥದಲ್ಲೇ ಇದೆ. ಅದನ್ನು ಇಷ್ಟು ವರ್ಷ ಓದಿದ್ದರೂ ಆ ರಾತ್ರಿಯೇ ಅವಳ ಕಣ್ಣಿಗೆ ಬಿದ್ದಿದ್ದು.

ಅವಳ ಅಜ್ಜಿ ಬ್ರೂಕ್ಲಿನ್‌ನಲ್ಲಿ ಒಬ್ಬರೇ ಇದ್ದರು. ಇವರದು ಆರ್ಥಡಾಕ್ಸ್ ಮನೆ, ಅಂದರೆ ಧರ್ಮದ ನಿಯಮಗಳನ್ನು ಬಿಗಿಯಾಗಿ ಪಾಲಿಸುವವರು. ಹಬ್ಬದ ದಿನ ಫೋನು, ಕಂಪ್ಯೂಟರ್ ಮುಟ್ಟುವಂತಿಲ್ಲ. ಇಸ್ರೇಲಿನಲ್ಲಿ ಸೆಫಾರ್ಡಿ (ಸ್ಪೇನ್, ಉತ್ತರ ಆಫ್ರಿಕಾ ಮೂಲದ) ಸಂಪ್ರದಾಯದ 14 ರಬ್ಬಿಗಳು, ಹಬ್ಬಕ್ಕೆ ಮೊದಲೇ ಜೂಮ್ ಹಾಕಿಟ್ಟರೆ ವಯಸ್ಸಾದವರ ಜೊತೆ ಸೇಡರ್ ಮಾಡಬಹುದು ಅಂದರು. ಅಲ್ಲಿನ ಮುಖ್ಯ ರಬ್ಬಿಗಳು ಒಪ್ಪಲಿಲ್ಲ. ಇಲ್ಲಿ ನಿಯಮಗಳಲ್ಲಿ ಸಡಿಲವಾದ ರಿಫಾರ್ಮ್ ಪಂಥದವರು ಯಾವ ಅಡ್ಡಿಯೂ ಇಲ್ಲದೆ ಜೂಮ್‌ನಲ್ಲಿ ಕೂತರು. ಇವರು ಮಾತ್ರ ಸೂರ್ಯ ಮುಳುಗುವ ಮೊದಲು ಅಜ್ಜಿಯ ಜೊತೆ ಪರದೆಯಲ್ಲಿ ಒಂದಿಷ್ಟು ಹಾಡಿ, ಫೋನು ಆರಿಸಿಟ್ಟರು. ಬುಧವಾರ ಸಂಜೆ ಶುರುವಾದ ಹಬ್ಬದ ಬೆನ್ನಿಗೇ ಅವರ ವಾರದ ವಿಶ್ರಾಂತಿಯ ದಿನ, ಶನಿವಾರದ ಸಬ್ಬತ್, ಬಂತು. ಅವತ್ತೂ ಫೋನು ಮುಟ್ಟುವಂತಿಲ್ಲ. ಅಂದರೆ ಪೂರ್ತಿ ಮೂರು ದಿನ, ನ್ಯೂಯಾರ್ಕಿನಲ್ಲಿ ಸಾವು ಅತಿ ಹೆಚ್ಚಿದ್ದ ಹೊತ್ತಿನಲ್ಲಿ, ಅಜ್ಜಿ ಹೇಗಿದ್ದಾರೆ ಅಂತ ಗೊತ್ತಿಲ್ಲ. ಜೀವಕ್ಕೆ ಅಪಾಯ ಅಂದರೆ ಹೆಚ್ಚುಕಡಿಮೆ ಎಲ್ಲ ನಿಯಮ ಮುರಿಯಬಹುದು ಅನ್ನುವುದು ಅವರ ಧರ್ಮದಲ್ಲೇ ಇದೆ. ಮೈ ಸರಿಯಿಲ್ಲದಿದ್ದರೆ ತಕ್ಷಣ ಫೋನ್ ಮಾಡು ಅಂತ ಹೇಳಿಯೂ ಇದ್ದರು. ಆದರೂ ನನಗೆ ಇದು ಇವತ್ತಿಗೂ ಒಪ್ಪಿಗೆಯಾಗಿಲ್ಲ. ಶನಿವಾರ ಕತ್ತಲಾಗುತ್ತಿದ್ದಂತೆ ಆ ಹುಡುಗಿ ಫೋನ್ ಹಿಡಿದು ಅಂಗಳಕ್ಕೆ ಓಡಿ ಬಂದಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ನನ್ನ ಅಮ್ಮ ಮೈಸೂರಿನಲ್ಲಿ ಒಬ್ಬರೇ ಇದ್ದರು. ಯುಗಾದಿಯ ದಿನ ಅವರ ಜೊತೆ ವಿಡಿಯೋದಲ್ಲಿ ಬೇವು ಬೆಲ್ಲ ತಿಂದೆವು. ನಮ್ಮ ಹಬ್ಬ ಅದನ್ನು ಬೇಡ ಅನ್ನುವುದಿಲ್ಲ. ಅದು ದೊಡ್ಡ ಮಾತು.

ಆದರೆ ಇನ್ನೊಂದು ವಿಷಯದಲ್ಲಿ ಅವರ ದಾರಿ ನನಗೆ ಹಿಡಿಸಿತು. ಸಿನಗಾಗ್ ಮುಚ್ಚಿದರೂ ಅವರ ಪಾಸೋವರ್ ನಿಲ್ಲಲಿಲ್ಲ, ಯಾಕೆಂದರೆ ಅದು ಮೊದಲಿನಿಂದಲೂ ಊಟದ ಮೇಜಿನ ಹಬ್ಬ. ನಾವು ಹೊರನಾಡಿಗೆ ಬಂದ ಮೇಲೆ ಹಬ್ಬವನ್ನು ಮನೆಯಿಂದ ಎತ್ತಿ ಶಾಲೆಯ ಆಡಿಟೋರಿಯಂಗೆ ತಂದಿದ್ದೇವೆ. ಯುಗಾದಿ ಅಂದರೆ ಅದರ ನಂತರದ ಯಾವುದೋ ಶನಿವಾರ. ಸ್ಟೇಜು, ಮೈಕು, ಹೋಳಿಗೆ ಊಟ. ಹಾಲ್ ಮುಚ್ಚಿದಾಗ ಎಷ್ಟೋ ಮನೆಗಳಲ್ಲಿ ಹಬ್ಬವೂ ನಿಂತಿತು. ಕನ್ನಡ ಕೂಟದವರು ಪಾಪ ಕಷ್ಟಪಟ್ಟು ಜೂಮ್‌ನಲ್ಲಿ ಕಾರ್ಯಕ್ರಮ ಮಾಡಿದರು. ಮಕ್ಕಳು ಮ್ಯೂಟ್ ಮಾಡಿಕೊಂಡು ನೋಡಿದರು. ನಮ್ಮ ಹಬ್ಬದಲ್ಲಿ ಹದಿನೈದರ ಹುಡುಗನಿಗೆ ಕೆಲಸವೇ ಇಲ್ಲ. ಚಿಕ್ಕ ಮಕ್ಕಳು ಸ್ಟೇಜ್ ಮೇಲೆ ಕುಣಿಯುತ್ತಾರೆ, ದೊಡ್ಡವರು ಪೂಜೆ ಮಾಡುತ್ತಾರೆ. ನಡುವಿನವರು ಫೋಟೋಗೆ ನಿಂತು, ಊಟ ಮಾಡಿ, ಕಾರಿನಲ್ಲಿ ಕೂತು ಕಾಯುತ್ತಾರೆ, ಅಲ್ವಾ?

ಸೆಪ್ಟೆಂಬರಿನಲ್ಲಿ ಅವರ ಹೊಸ ವರ್ಷ, ರೋಶ್ ಹಶಾನಾ, ಬಂತು. 18ರ ಸಂಜೆ. ಅವತ್ತೇ ಇಸ್ರೇಲಿನಲ್ಲಿ ಎರಡನೇ ಲಾಕ್‌ಡೌನ್ ಶುರುವಾಯಿತು. ಅವತ್ತೇ ನಮಗೆ ಅಧಿಕ ಆಶ್ವಯುಜ ಹಿಡಿದಿದ್ದರಿಂದ ನವರಾತ್ರಿ ಅಕ್ಟೋಬರ್ 17ಕ್ಕೆ ಹೋಗಿತ್ತು. ಅವರೂ 19 ವರ್ಷದಲ್ಲಿ ಏಳು ಸಲ ಒಂದು ತಿಂಗಳು ಸೇರಿಸುತ್ತಾರೆ, ನಮ್ಮ ಅಧಿಕ ಮಾಸದ ಲೆಕ್ಕವೇ. ರೋಶ್ ಹಶಾನಾದಲ್ಲಿ ಟಗರಿನ ಕೊಂಬು ಊದುವುದನ್ನು ಎಲ್ಲರೂ ಕೇಳಲೇಬೇಕು. ಮೊದಲ ದಿನ ಸಬ್ಬತ್ ಆದ್ದರಿಂದ ಊದಲಿಲ್ಲ. ಭಾನುವಾರ ರಸ್ತೆಯ ಮೂಲೆಗಳಲ್ಲಿ ಊದಿದರು. ಸಾಮಾನ್ಯವಾಗಿ ನೂರು ಸಲ ಊದುವುದನ್ನು ಎಷ್ಟೋ ಕಡೆ ಮೂವತ್ತಕ್ಕೆ ಇಳಿಸಿದ್ದರು. ಯಾವ ಮೂಲೆಯಲ್ಲಿ ಎಷ್ಟು ಹೊತ್ತಿಗೆ ಅಂತ ಚೀಟಿ ಬರೆದು, ಹಬ್ಬಕ್ಕೆ ಮೊದಲೇ ನಮ್ಮ ಬೀದಿಯ ವಯಸ್ಸಾದವರ ಮನೆ ಮನೆಗೂ ಹಾಕಿ ಬಂದವಳು ಇದೇ ಹುಡುಗಿ. ನಮ್ಮ ಮನೆಗೂ ಒಂದು ಚೀಟಿ ಬಂತು. ಮಗ ಮತ್ತು ನಾನು ದೂರದಲ್ಲಿ ನಿಂತು ಕೇಳಿದೆವು.

ನಾವು ಅವರ ಹಾಗೆ ಆಗಬೇಕು ಅಂತ ಹೇಳುತ್ತಿಲ್ಲ. ನಮ್ಮ ಯುಗಾದಿಯಲ್ಲೇ ಬೇಕಾದಷ್ಟಿದೆ. ಅವರು ಕಹಿ ಸೊಪ್ಪಿಗೆ ಸೇಬು, ವಾಲ್‌ನಟ್ ಅರೆದ ಸಿಹಿ ಹಚ್ಚಿ ತಿನ್ನುತ್ತಾರೆ. ನಮ್ಮಲ್ಲಿ ಬೇವು ಬೆಲ್ಲ ಇದೆ. ಅವರಿಗೆ ಮೇಜಿನಲ್ಲಿ ಓದುವ ಪುಸ್ತಕ ಇದೆ, ನಮಗೆ ಪಂಚಾಂಗ ಇದೆ. ಪಂಚಾಂಗ ಓದುವ ಕೆಲಸ ಮನೆಯ ಹದಿಹರೆಯದವರಿಗೆ ಯಾಕೆ ಕೊಡಬಾರದು? ಕನ್ನಡ ತಡವರಿಸಿದರೆ ತಡವರಿಸಲಿ.

ನಮ್ಮ ಕೂಟಕ್ಕೆ ನಾನು ಬರೆದುಕೊಟ್ಟಿರುವುದು ಇಷ್ಟು. ಕಾರ್ಯಕ್ರಮ ಯಾವ ಶನಿವಾರವಾದರೂ ಇರಲಿ. ಯುಗಾದಿಯ ದಿನವೇ ಪ್ರತಿ ಮನೆಯಲ್ಲಿ ಮಕ್ಕಳು ದೊಡ್ಡವರಿಗೆ ನಾಲ್ಕು ಪ್ರಶ್ನೆ ಕೇಳಲಿ, ಸುಲಭದ ಪ್ರಶ್ನೆಗಳಲ್ಲ, ಉತ್ತರಕ್ಕೆ ತಡಕಾಡಬೇಕಾದಂಥವು. ಈ ಹಬ್ಬ ಪ್ರತಿ ವರ್ಷ ಬೇರೆ ತಾರೀಖಿಗೆ ಯಾಕೆ ಬರುತ್ತದೆ? ಈ ಸಂವತ್ಸರದ ಹೆಸರೇನು, ಅದು ಮತ್ತೆ ಬರುವಾಗ ನನಗೆ ಎಷ್ಟು ವಯಸ್ಸು? ನೀವು ಊರು ಬಿಟ್ಟ ವರ್ಷ ಯುಗಾದಿ ಹೇಗೆ ಮಾಡಿದಿರಿ? ನಾಲ್ಕನೆಯದನ್ನು ಮಕ್ಕಳಿಗೇ ಬಿಟ್ಟಿದ್ದೇನೆ.